ಡೆಸ್ಕ್‌ಟಾಪ್ ಫ್ಯಾನ್ ಸದ್ದು ತಗ್ಗಬೇಕು, ಬಿಸಿ ಏರಬಾರದು: ಎಲ್ಲಿಂದ ಶುರು ಮಾಡೋದು?

ಸಂತೆಪೇಟೆ_ಕಿಟಕಿ, ಹಾಸನ

ಹತ್ತನೇ ತರಗತಿ ಗಣಿತದ ಪಾಠ ರೆಕಾರ್ಡ್ ಮಾಡೋ ಕೋಣೆಯಲ್ಲೇ ಈ ಡೆಸ್ಕ್‌ಟಾಪ್ ಇದೆ. ಮೈಕಿಗೂ ಕ್ಯಾಬಿನೆಟ್‌ಗೂ ಮೂರಡಿ ಅಂತರ. ಸೀಲಿಂಗ್ ಫ್ಯಾನ್ ಆರಿಸಿ ಕಿಟಕಿ ಹಾಕಿದರೂ ಮಾತಿನ ಹಿಂದೆ ಭೋರ್ ಅಂತ ಒಂದು ಸದ್ದು ನಿಂತೇ ಇರುತ್ತೆ. ಸಾಫ್ಟ್‌ವೇರಲ್ಲಿ ಅದನ್ನ ಅಳಿಸಿದರೆ ದನಿ ಡಬ್ಬದೊಳಗಿಂದ ಬಂದ ಹಾಗಾಗುತ್ತೆ.

ಒಳಗಿರೋದು: ಸಿಪಿಯು ಇಂಟೆಲ್ ಐ5-12400ಎಫ್, ಅದರ ಡಬ್ಬಿಯಲ್ಲೇ ಬಂದ ಕೂಲರ್, ಬಿ660 ಬೋರ್ಡು, ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡು, ಒಂದು ಎಸ್‌ಎಸ್‌ಡಿ, 1 ಟಿಬಿಯ 7200 ಆರ್‌ಪಿಎಂ ಹಾರ್ಡ್‌ಡಿಸ್ಕು, 550 ವ್ಯಾಟ್ ಎಸ್‌ಎಂಪಿಎಸ್ (ಒಳಗಿನ ಭಾಗಗಳಿಗೆ ಕರೆಂಟ್ ಕೊಡೋ ಡಬ್ಬಿ). ಕ್ಯಾಬಿನೆಟ್ ಮುಂಭಾಗ ಪೂರ್ತಿ ಗಾಜು, ಅದರ ಹಿಂದೆ ಬಣ್ಣದ ಲೈಟಿನ ಮೂರು ಫ್ಯಾನು, ಬೆನ್ನಿಗೆ ಒಂದು. ಮುಂದಿನ ಮೂರು ಫ್ಯಾನೂ ನಾಲ್ಕು ಪಿನ್ನಿನ ದಪ್ಪ ಪ್ಲಗ್ಗಲ್ಲಿ ನೇರ ಎಸ್‌ಎಂಪಿಎಸ್‌ಗೇ ಹೋಗಿವೆ.

ಕೋಣೆ 27 ಡಿಗ್ರಿ ಇದ್ದಾಗ ಸುಮ್ಮನಿದ್ದರೆ ಸಿಪಿಯು 44, ಬ್ರೌಸರ್ ತೆರೆದರೆ ಒಂದು ಕ್ಷಣ 60ಕ್ಕೆ ಹಾರಿ ಇಳಿಯುತ್ತೆ. ಹಾರಿದಾಗೆಲ್ಲ ಫ್ಯಾನು ಬರ್ರ್ ಅಂದು ಸುಮ್ಮನಾಗುತ್ತೆ. ವಿಡಿಯೋ ಎಕ್ಸ್‌ಪೋರ್ಟ್ ಹಾಕಿದರೆ 89-91, ಆಗ ಸಿಪಿಯು ಫ್ಯಾನು 3000 ಆರ್‌ಪಿಎಂ ಹತ್ತಿರ.

ಫ್ಯಾನಿನ ವೇಗ ಇಳಿಸೋಣ ಅಂದರೆ ಈಗಲೇ 90, ಇನ್ನೂ ಏರಿದರೆ ಗತಿ ಏನು? ಎಲ್ಲಾ ಬದಲಿಸೋ ಬಜೆಟ್ ಇಲ್ಲ. ಯಾವುದನ್ನ ಮೊದಲು ಮುಟ್ಟಬೇಕು ಹೇಳಿ.


ಬೆಸುಗೆಕಡ್ಡಿ, ಹಾಸನ

ಏನೂ ಕೊಳ್ಳಬೇಡಿ ಮೇಷ್ಟ್ರೇ, ಮೊದಲು ಕಳ್ಳ ಯಾರು ಅಂತ ಹಿಡೀರಿ. ಆರೇಳು ಕಡೆ ತಿರುಗೋ ಸಾಮಾನಿದೆ, ಅದರಲ್ಲಿ ಕಿವಿಗೆ ಬೀಳ್ತಿರೋದು ಒಂದೋ ಎರಡೋ ಇರುತ್ತೆ.

ಪಕ್ಕದ ಬಾಗಿಲು ಬಿಚ್ಚಿ. ಕಂಪ್ಯೂಟರ್ ಸುಮ್ಮನೆ ಓಡ್ತಿರಲಿ. ಒಂದೊಂದೇ ಫ್ಯಾನಿನ ನಡುವಿನ ಗುಂಡು ಭಾಗಕ್ಕೆ, ಸ್ಟಿಕ್ಕರ್ ಇರೋ ಜಾಗಕ್ಕೆ, ಬೆರಳ ತುದಿ ಒತ್ತಿ ಎರಡು ಸೆಕೆಂಡ್ ನಿಲ್ಲಿಸಿ. ರೆಕ್ಕೆಯ ಅಂಚಿಗೆ ಬೆರಳು ಕೊಡಬೇಡಿ, ಬೆರಳೂ ಕುಯ್ಯುತ್ತೆ ರೆಕ್ಕೆಯೂ ಮುರಿಯುತ್ತೆ. ಎಸ್‌ಎಂಪಿಎಸ್ ಫ್ಯಾನಿಗೆ ಜಾಲರಿಯೊಳಗೆ ಏನನ್ನೂ ತೂರಿಸಬೇಡಿ. ಅದಕ್ಕೆ ಪೇಪರ್ ಸುರುಳಿ ಮಾಡಿ ಒಂದು ತುದಿ ಕಿವಿಗೆ, ಒಂದು ತುದಿ ಅದರ ಹತ್ತಿರ ಹಿಡಿದರೆ ಸಾಕು.

ಸದ್ದಿನ ಜಾತಿಯನ್ನೂ ಗುರುತಿಸಿ. ಹುಶ್ ಅಂತ ಒಂದೇ ಸಮ ಬಂದರೆ ಗಾಳಿ, ಅಂದರೆ ವೇಗ ಜಾಸ್ತಿ ಇಲ್ಲವೇ ಎದುರಿಗೆ ಅಡ್ಡ ಇದೆ. ಗುಂಯ್ ಅಂತ ಏರಿಳಿದರೆ ತಗಡು ಅದುರ್ತಿದೆ. ಟಿಕ್ ಟಿಕ್ ಅಂದರೆ ವೈರು ರೆಕ್ಕೆಗೆ ತಾಗ್ತಿದೆ, ಇಲ್ಲಾಂದ್ರೆ ಬೇರಿಂಗ್ ಮುಗೀತು. ಗೇಮ್ ಮೆನುವಿನಲ್ಲಿ ಚೀರಿದಂಥ ಸಣ್ಣ ಸದ್ದು ಬಂದರೆ ಅದು ಫ್ಯಾನೇ ಅಲ್ಲ, ಗ್ರಾಫಿಕ್ಸ್ ಕಾರ್ಡಿನ ಕಾಯಿಲ್. ಫ್ರೇಮ್ ರೇಟಿಗೆ ಮಿತಿ ಹಾಕಿದರೆ ಬಹುಪಾಲು ತಗ್ಗುತ್ತೆ.

7200 ಆರ್‌ಪಿಎಂ ಡಿಸ್ಕು ಸೆಕೆಂಡಿಗೆ 120 ಸುತ್ತು. ಆ 120 ಹರ್ಟ್ಸ್ ಗುನುಗು ಡಿಸ್ಕಿನಿಂದ ನೇರ ಬರೋದಕ್ಕಿಂತ ಸ್ಕ್ರೂ ಮೂಲಕ ಕ್ಯಾಬಿನೆಟ್ ತಗಡಿಗೆ, ಅಲ್ಲಿಂದ ಟೇಬಲ್ಲಿಗೆ ಇಳಿದು ದೊಡ್ಡದಾಗುತ್ತೆ. ಕಂಪ್ಯೂಟರ್ ಪೂರ್ತಿ ಆಫ್ ಮಾಡಿ, ಡಿಸ್ಕಿನ ಎರಡೂ ವೈರು ಕಿತ್ತು, ಮತ್ತೆ ಆನ್ ಮಾಡಿ ಕೇಳಿ. ಓಡ್ತಿರುವಾಗ ಡಿಸ್ಕನ್ನ ಅಲ್ಲಾಡಿಸಬೇಡಿ.

ಇನ್ನೊಂದು ಪರೀಕ್ಷೆ, ನನ್ನ ಪ್ರಕಾರ ಇದೇ ಮುಖ್ಯ. ಬಿಸಿ ತೋರಿಸೋ ಎಚ್‌ಡಬ್ಲ್ಯೂಇನ್ಫೋ ಸಾಫ್ಟ್‌ವೇರ್ ಹಾಕಿಕೊಂಡು, ಸಿಪಿಯುಗೆ ಪೂರ್ತಿ ಕೆಲಸ ಕೊಡೋ ಸಿನಿಬೆಂಚ್ ಹತ್ತು ನಿಮಿಷ ಓಡಿಸಿ, ಬಾಗಿಲು ಮುಚ್ಚಿದಾಗ ಎಷ್ಟು, ತೆಗೆದಾಗ ಎಷ್ಟು ಅಂತ ಬರೆದುಕೊಳ್ಳಿ. ಎರಡು ಮೂರು ಡಿಗ್ರಿ ವ್ಯತ್ಯಾಸ ಇದ್ದರೆ ಕ್ಯಾಬಿನೆಟ್ ಉಸಿರಾಡ್ತಿದೆ, ತೊಂದರೆ ಕೂಲರಿನದು. ಏಳೆಂಟು ಡಿಗ್ರಿ ಇಳಿದರೆ ಆ ಗಾಜೇ ಮೂಗು ಮುಚ್ಚಿದೆ ಅಂತ ಅರ್ಥ. ಆಗ ಎಂಥ ಕೂಲರ್ ತಂದು ಹಾಕಿದರೂ ಅದು ಬಿಸಿ ಗಾಳಿಯನ್ನೇ ತಿರುವಿ ಹಾಕುತ್ತೆ. ಕೋಣೆಯ ಉಷ್ಣತೆಯನ್ನೂ ಪ್ರತಿ ಸಲ ಪಕ್ಕದಲ್ಲಿ ಬರೀರಿ, ಅದಿಲ್ಲದೆ ಅಂಕಿಗೆ ಬೆಲೆ ಇಲ್ಲ.


ಸಂತೆಪೇಟೆ_ಕಿಟಕಿ, ಹಾಸನ

ಮಾಡಿ ನೋಡಿದೆ. ಕೋಣೆ 26.

ಬಾಗಿಲು ಮುಚ್ಚಿ 89, ತೆಗೆದು 80. ಗಾಜನ್ನೂ ಕಿತ್ತರೆ 78. ಗಾಜಿಗೂ ಫ್ಯಾನಿಗೂ ನಡುವೆ ಬರೀ ಹತ್ತು ಮಿಲಿಮೀಟರ್, ಗಾಳಿ ಬರೋಕೆ ಬಲಗಡೆ ಅಂಚಿನಲ್ಲಿ ಒಂದು ಸೀಳು ಮಾತ್ರ.

ಮುಂದಿನ ಮೂರನ್ನೂ ನಿಲ್ಲಿಸಿದರೆ ಭೋರ್ ಅನ್ನೋದು ಮುಕ್ಕಾಲು ಪಾಲು ಹೋಯ್ತು. ಡಿಸ್ಕ್ ಕಿತ್ತಮೇಲೆ ಟೇಬಲ್ ಮೇಲೆ ಕೈ ಇಟ್ಟರೆ ಗೊತ್ತಾಗ್ತಿದ್ದ ನಡುಕ ಇಲ್ಲ. ಬರ್ರ್ ಅಂತ ಏರಿಳಿಯೋದು ಸಿಪಿಯು ಫ್ಯಾನೇ.

ಹಾಗಾದ್ರೆ ಮುಂದಿನ ಮೂರರಲ್ಲಿ ಎರಡು ಕಿತ್ತುಬಿಡಲಾ?


ಹನ್ನೆರಡುವೋಲ್ಟ್, ಚಿಕ್ಕಮಗಳೂರು

ಕೀಳಬೇಡಿ. ಲೆಕ್ಕ ನೋಡಿ.

ಒಂದೇ ಥರದ ಮೂರು ಫ್ಯಾನಲ್ಲಿ ಎರಡು ಕಿತ್ತರೆ ಸದ್ದು ಇಳಿಯೋದು ಐದು ಡೆಸಿಬಲ್ ಮಾತ್ರ, ಗಾಳಿ ಮಾತ್ರ ಮೂರನೇ ಒಂದು ಭಾಗದ ಹತ್ತಿರಕ್ಕೆ ಬರುತ್ತೆ. ಅದೇ ಮೂರನ್ನೂ ಇಟ್ಟುಕೊಂಡು 1200ರಿಂದ 900ಕ್ಕೆ ಇಳಿಸಿ: ಸದ್ದು ಸುಮಾರು ಆರು ಡೆಸಿಬಲ್ ಕಡಿಮೆ, ಗಾಳಿ ಹೋಗೋದು ಕಾಲು ಭಾಗ ಅಷ್ಟೇ. 600ಕ್ಕೆ ಇಳಿಸಿದರೆ ಹದಿನೈದು ಡೆಸಿಬಲ್. ಫ್ಯಾನಿನ ಗಾಳಿ ವೇಗಕ್ಕೆ ತಕ್ಕಂತೆ ನೇರವಾಗಿ ಏರಿಳಿದರೆ, ಸದ್ದಿನ ಶಕ್ತಿ ಹೆಚ್ಚುಕಮ್ಮಿ ವೇಗದ ಐದನೇ ಘಾತದ ಲೆಕ್ಕದಲ್ಲಿ ಏರಿಳಿಯುತ್ತೆ. ಗಣಿತದ ಮೇಷ್ಟ್ರಿಗೆ ಇದಕ್ಕಿಂತ ಬಿಡಿಸಿ ಹೇಳೋದು ಬೇಡ. ಜಾಸ್ತಿ ಫ್ಯಾನು, ನಿಧಾನ ವೇಗ.

ಈಗ ಬಿಸಿ ಏರುತ್ತಾ ಅನ್ನೋ ಪ್ರಶ್ನೆ. ಒಳಗೆ 250 ವ್ಯಾಟ್ ಉರೀತಿದೆ, ನಿಮಿಷಕ್ಕೆ 40 ಘನ ಅಡಿ ಗಾಳಿ ಹಾಯ್ತಿದೆ ಅಂದುಕೊಳ್ಳಿ. ನಮ್ಮ ಎತ್ತರದಲ್ಲಿ ಆ ಗಾಳಿ ಒಳಗೆ ಬಂದದ್ದಕ್ಕಿಂತ ಹನ್ನೆರಡೂವರೆ ಡಿಗ್ರಿ ಬಿಸಿಯಾಗಿ ಹೊರಗೆ ಹೋಗುತ್ತೆ. ಗಾಳಿಯನ್ನ 30 ಘನ ಅಡಿಗೆ ಇಳಿಸಿದರೆ ಅದು ಹದಿನೇಳಾಗುತ್ತೆ. ಆದರೆ ಜೊತೆಗೇ ಉರಿಯನ್ನ 200 ವ್ಯಾಟಿಗೆ ಇಳಿಸಿದರೆ ಮತ್ತೆ ಹದಿಮೂರರ ಆಸುಪಾಸು. ಫ್ಯಾನು ನಿಧಾನ ಮಾಡಿದ್ದಕ್ಕೆ ತೆರೋ ದಂಡವನ್ನ ಒಲೆಯ ಉರಿ ಸಣ್ಣ ಮಾಡಿ ಪೂರ್ತಿ ವಾಪಸ್ ಪಡೀಬಹುದು. ಫ್ಯಾನು ಮಾತ್ರ ತಗ್ಗಿಸಿದವರು ಬಿಸಿ ಏರಿತು ಅಂತ ಕೈಬಿಡೋದು ಈ ಅರ್ಧ ಮಾಡದೇ ಇರೋದಕ್ಕೆ.

ಉರಿಯಿಂದ ಶುರು ಮಾಡಿ, ಇದಕ್ಕೆ ದುಡ್ಡು ಬೇಡ. 12400ಎಫ್‌ನ ಮೂಲ ಮಿತಿ (ಪಿಎಲ್1) 65 ವ್ಯಾಟ್, ಸ್ವಲ್ಪ ಹೊತ್ತು ಜೋರಾಗಿ ಓಡೋ ಟರ್ಬೋ ಮಿತಿ (ಪಿಎಲ್2) 117. ಎಷ್ಟೋ ಬೋರ್ಡುಗಳು ಬಯೋಸಲ್ಲಿ (ಆನ್ ಆಗುವಾಗ ತೆರೆಯೋ ಬೋರ್ಡಿನ ಸೆಟ್ಟಿಂಗಲ್ಲಿ) ಎರಡನ್ನೂ ಸಡಿಲ ಬಿಟ್ಟಿರ್ತವೆ. ಪಿಎಲ್1 ಜಾಗದಲ್ಲಿ 4096 ಅಂತ ಕಂಡರೆ ಗಾಬರಿ ಬೇಡ, ಮಿತಿಯೇ ಇಲ್ಲ ಅನ್ನೋದನ್ನ ಹಾಗೆ ಬರೀತಾರೆ. ಪಿಎಲ್1 65, ಪಿಎಲ್2 90, ಟರ್ಬೋ ಸಮಯ 28 ಸೆಕೆಂಡ್ ಹಾಕಿ. ಬ್ರೌಸರ್, ರೆಕಾರ್ಡಿಂಗ್, ಗೇಮ್ ಯಾವುದರಲ್ಲೂ ವ್ಯತ್ಯಾಸ ಗೊತ್ತಾಗಲ್ಲ. ಉದ್ದದ ಎಕ್ಸ್‌ಪೋರ್ಟ್ ಸ್ವಲ್ಪ ನಿಧಾನ ಆಗುತ್ತೆ. ವಿಂಡೋಸಲ್ಲಿ ಪ್ರೊಸೆಸರ್ ಗರಿಷ್ಠ ಮಟ್ಟ 99 ಅಂತ ಹಾಕೋ ಉಪಾಯ ಎಲ್ಲಾ ಕಡೆ ಓಡಾಡ್ತಿದೆ. ಅದು ಟರ್ಬೋವನ್ನೇ ಕಡಿದು 4.4 ಗಿಗಾಹರ್ಟ್ಸ್ ಹೋಗೋ ಚಿಪ್ಪನ್ನ 2.5ಕ್ಕೆ ಕೂರಿಸುತ್ತೆ. ನೆಗಡಿಗೆ ಮೂಗು ಕುಯ್ದ ಹಾಗೆ.

ಗ್ರಾಫಿಕ್ಸ್ ಕಾರ್ಡು 170 ವ್ಯಾಟಿನದು. ಕಾರ್ಡಿನ ಸೆಟ್ಟಿಂಗ್ ಬದಲಿಸೋ ಆಫ್ಟರ್‌ಬರ್ನರ್ ಸಾಫ್ಟ್‌ವೇರಲ್ಲಿ ಪವರ್ ಲಿಮಿಟ್ 80ಕ್ಕೆ ಎಳೆದರೆ 136 ವ್ಯಾಟ್. ಇನ್ನೂ ಚೆನ್ನಾಗಿ ಮಾಡಬೇಕಂದ್ರೆ ಕಂಟ್ರೋಲ್ ಮತ್ತು ಎಫ್ ಒತ್ತಿ ವೋಲ್ಟೇಜ್ ಗೆರೆ ತೆರೆದು, 850 ಮಿಲಿವೋಲ್ಟ್ ಬಿಂದುವನ್ನ 1800 ಮೆಗಾಹರ್ಟ್ಸ್‌ಗೆ ಎತ್ತಿ, ಅದರಾಚೆ ಗೆರೆ ಚಪ್ಪಟೆ ಮಾಡಿ. ಒಂದು ಗಂಟೆ ಗೇಮ್ ಆಡಿಸಿ. ಡ್ರೈವರ್ ಬಿದ್ದರೆ 875ಕ್ಕೆ ಹೋಗಿ. ಎಲ್ಲಾ ಚಿಪ್ಪೂ ಒಂದೇ ಅಲ್ಲ.

ಮುಂದಿನ ಮೂರು ಫ್ಯಾನು ದಪ್ಪ ಪ್ಲಗ್ಗಿನಲ್ಲಿ ಸದಾ 12 ವೋಲ್ಟ್ ಕುಡೀತಿವೆ, ಅವಕ್ಕೆ ಲಗಾಮೇ ಇಲ್ಲ. ಫ್ಯಾನನ್ನ 12 ವೋಲ್ಟಿನ ಹಳದಿ ಮತ್ತು 5 ವೋಲ್ಟಿನ ಕೆಂಪು ವೈರಿನ ನಡುವೆ ಕೊಟ್ಟು 7 ವೋಲ್ಟ್ ಮಾಡೋ ಹಳೇ ಟ್ರಿಕ್ ಯಾರಾದರೂ ಹೇಳ್ತಾರೆ, ಬೇಡ. ಫ್ಯಾನಿನ ಕರೆಂಟು 5 ವೋಲ್ಟಿನ ಸಾಲಿಗೆ ಹಿಂದಿನಿಂದ ನುಗ್ಗುತ್ತೆ, ಫ್ಯಾನು ಶಾರ್ಟ್ ಆದ ದಿನ ಅದೇ ಸಾಲಿನಲ್ಲಿರೋ ಡಿಸ್ಕು ಹೋಗುತ್ತೆ. ಅವನ್ನ ತೆಗೆದು 120 ಮಿಲಿಮೀಟರಿನ ಪಿಡಬ್ಲ್ಯೂಎಂ ಫ್ಯಾನು (ನಾಲ್ಕು ಪಿನ್ನಿನದು, ವೇಗವನ್ನ ಬೋರ್ಡೇ ಹಿಡಿತದಲ್ಲಿಡೋದು) ಎರಡು ಹಾಕಿ. ನಿಮ್ಮ 200 ವ್ಯಾಟಿಗೆ ಮುಂದೆ ಎರಡು, ಹಿಂದೆ ಒಂದು ಸಾಕು. ಮೂರನೆಯದನ್ನ ಬೇಕಾದರೆ ಆಮೇಲೆ ಸೇರಿಸಿ. ಸ್ಪ್ಲಿಟರ್ ವೈರಲ್ಲಿ ಎರಡನ್ನೂ ಬೋರ್ಡಿನ ಒಂದೇ ಹೆಡರಿಗೆ (ಫ್ಯಾನ್ ಸಿಕ್ಕಿಸೋ ಪಿನ್ನಿನ ಜಾಗಕ್ಕೆ) ಕೊಡಬಹುದು. ಹೆಡರು ಸಾಮಾನ್ಯವಾಗಿ 1 ಆಂಪಿಯರ್ ತಡೆಯುತ್ತೆ, ಫ್ಯಾನಿನ ಬೆನ್ನ ಮೇಲೆ ಬರೆದಿರೋದನ್ನ ಕೂಡಿ ನೋಡಿ. ವೇಗ ತೋರಿಸೋದು ಒಂದೇ ಫ್ಯಾನಿನದು, ಇನ್ನೊಂದು ಕೆಟ್ಟರೆ ಬೋರ್ಡಿಗೆ ತಿಳಿಯಲ್ಲ. ಲೈಟಿನ ವೈರಿದ್ದರೆ ಇನ್ನೊಂದು ಎಚ್ಚರ: ಮೂರು ಪಿನ್ನಿನ 5 ವೋಲ್ಟ್ ಲೈಟನ್ನ ನಾಲ್ಕು ಪಿನ್ನಿನ 12 ವೋಲ್ಟ್ ಜಾಗಕ್ಕೆ ತುರುಕಿದರೆ ಒಂದೇ ಕ್ಷಣ, ಸುಟ್ಟು ಹೋಯ್ತು.

ಹಿಂದಿನ ಫ್ಯಾನಿಗೆ ಮೂರೇ ಪಿನ್ನಿದ್ದರೆ ಬಯೋಸಲ್ಲಿ ಆ ಹೆಡರನ್ನ ಡಿಸಿ ಮೋಡಿಗೆ ಹಾಕಿ. ಪಿಡಬ್ಲ್ಯೂಎಂ ಮೋಡಲ್ಲಿ ಬಿಟ್ಟರೆ ನೀವು ಫ್ಯಾನಿನ ಗೆರೆ (ಎಷ್ಟು ಬಿಸಿಗೆ ಎಷ್ಟು ವೇಗ ಅನ್ನೋ ನಕ್ಷೆ) ಎಷ್ಟೇ ತಗ್ಗಿಸಿದರೂ ಅದು ಪೂರ್ತಿ ವೇಗದಲ್ಲೇ ತಿರುಗುತ್ತೆ. ಗೆರೆ ಕೆಲಸ ಮಾಡ್ತಿಲ್ಲ ಅನ್ನೋ ದೂರುಗಳಲ್ಲಿ ಅರ್ಧ ಇದೇ.

ಬರ್ರ್ ಅನ್ನೋದಕ್ಕೆ ಮದ್ದು: ಸಿಪಿಯು ಗೆರೆಯನ್ನ 60 ಡಿಗ್ರಿವರೆಗೆ 35 ಪರ್ಸೆಂಟಿನಲ್ಲಿ ಮಲಗಿಸಿಬಿಡಿ. 70ಕ್ಕೆ 50, 80ಕ್ಕೆ 75, 90ಕ್ಕೆ 100. ಬ್ರೌಸರ್ ತೆರೆದಾಗ ಆಗೋ ನೆಗೆತ ಚಿಪ್ಪಿನೊಳಗಿನ ಒಂದು ಚುಕ್ಕೆಯದು, ಕೂಲರಿನ ಲೋಹ ಇನ್ನೂ ಬೆಚ್ಚಗಾಗಿರಲ್ಲ. ಅದಕ್ಕೆ ಫ್ಯಾನು ಓಡಿಸಿ ಪ್ರಯೋಜನ ಇಲ್ಲ. ಏರೋಕೆ 3ರಿಂದ 5 ಸೆಕೆಂಡು, ಇಳಿಯೋಕೆ ಇನ್ನೂ ಜಾಸ್ತಿ ತಡ ಕೊಡಿ. ಸ್ಟೆಪ್ ಅಪ್ ಅಂತಲೋ ಸ್ಮೂದಿಂಗ್ ಅಂತಲೋ ಬಯೋಸಲ್ಲಿ ಇರುತ್ತೆ. ಕಿವಿ ಒಂದೇ ಮಟ್ಟದ ಸದ್ದನ್ನ ಮರೆಯುತ್ತೆ, ಏರಿಳಿಯೋದನ್ನ ಮರೆಯಲ್ಲ. ಮೈಕೂ ಅಷ್ಟೇ: ಒಂದೇ ಸಮ ಇರೋ ಸದ್ದನ್ನ ಸಾಫ್ಟ್‌ವೇರು ಸುಲಭವಾಗಿ ಅಳಿಸುತ್ತೆ.

ಕ್ಯಾಬಿನೆಟ್ ಫ್ಯಾನಿನ ಗೆರೆ ಸಿಪಿಯು ಬಿಸಿಯನ್ನ ಮಾತ್ರ ನೋಡಿದರೆ ಗ್ರಾಫಿಕ್ಸ್ ಕಾರ್ಡು ಕುದಿಯುವಾಗಲೂ ಅವು ನಿದ್ದೆ ಮಾಡ್ತವೆ. ಫ್ಯಾನ್‌ಕಂಟ್ರೋಲ್ ಅನ್ನೋ ಉಚಿತ ಸಾಫ್ಟ್‌ವೇರಲ್ಲಿ ಎರಡರಲ್ಲಿ ಯಾವುದು ಜಾಸ್ತಿಯೋ ಅದನ್ನ ಹಿಡಿಯೋ ಹಾಗೆ ಮಿಕ್ಸ್ ಮಾಡಿ. ಅದರಲ್ಲೇ ಫ್ಯಾನನ್ನ ಕೈಯಾರೆ 50 ಆರ್‌ಪಿಎಂ ಹೆಚ್ಚಿಸ್ತಾ ಹೋಗಿ, ತಗಡು ಎಲ್ಲಿ ಗುಂಯ್ ಅನ್ನುತ್ತೆ ಗುರುತು ಮಾಡಿ. 950ರಿಂದ 1050ರ ನಡುವೆ ಅಂತಿಟ್ಕೊಳ್ಳಿ, ಗೆರೆ ಆ ಜಾಗವನ್ನ ಹಾರಿ ದಾಟಬೇಕು, ಅಲ್ಲಿ ನಿಲ್ಲಬಾರದು.


ಗಿರಿಶ್ರೇಣಿ, ಚಿಕ್ಕಮಗಳೂರು

ಇಷ್ಟೆಲ್ಲಾ ಯಾಕೆ ಗುರು, 240 ಮಿಲಿಮೀಟರ್ ರೇಡಿಯೇಟರಿನ ವಾಟರ್ ಕೂಲರ್ ಹಾಕ್ಸಿಬಿಡಿ, ಸದ್ದೇ ಇರಲ್ಲ.


ಬೆಸುಗೆಕಡ್ಡಿ, ಹಾಸನ

ಗಿರಿಶ್ರೇಣಿ ಅವರೇ, 65 ವ್ಯಾಟಿಗೆ ಅದು ಹೆಚ್ಚಾಯ್ತು. ನೀರಿನ ಕೂಲರಲ್ಲಿ ಎರಡು ಫ್ಯಾನಿನ ಜೊತೆಗೆ ಪಂಪೂ ಇರುತ್ತೆ, ಸುಮ್ಮನಿದ್ದಾಗಲೂ ಅದು ಓಡಲೇಬೇಕು. ರೇಡಿಯೇಟರನ್ನ ಪಂಪಿಗಿಂತ ಕೆಳಗೆ ಕೂರಿಸಿದರೆ ಗಾಳಿಗುಳ್ಳೆ ಪಂಪಿಗೆ ಬಂದು ಗುಳುಗುಳು ಬೇರೆ. ರೆಕಾರ್ಡಿಂಗ್ ಕೋಣೆಗೆ ಗೋಪುರದ ಕೂಲರೇ (ತಗಡುಗಳು ಎತ್ತರಕ್ಕೆ ನಿಂತಿರೋ ಟವರ್ ಕೂಲರ್) ಸರಿ: ಡೀಪ್‌ಕೂಲ್ ಎಜಿ400, ಥರ್ಮಲ್‌ರೈಟ್ ಅಸ್ಯಾಸಿನ್ ಎಕ್ಸ್ 120, ಈ ವರ್ಗದ್ದು ಯಾವುದಾದರೂ. ಅಂಗಡಿಗೆ ಹೋಗೋ ಮುಂಚೆ ಬೋರ್ಡಿನಿಂದ ಪಕ್ಕದ ಬಾಗಿಲವರೆಗೆ ಸ್ಕೇಲಿಟ್ಟು ಅಳೀರಿ. ಎಜಿ400 ಎತ್ತರ 150 ಮಿಲಿಮೀಟರ್. 155 ಜಾಗ ಇದ್ದರೆ ನಿಶ್ಚಿಂತೆ. ನಿಮ್ಮ ಸಿಪಿಯು ಕೂರೋ ಎಲ್‌ಜಿಎ 1700 ಸಾಕೆಟ್ಟಿನ ಕ್ಲಾಂಪು ಡಬ್ಬಿಯಲ್ಲಿದೆಯಾ ಕೇಳಿ, ಹಳೇ ಸ್ಟಾಕಲ್ಲಿ ಇರದೆ ಇರಬಹುದು.

ಹಳೆಯದನ್ನ ಬಿಚ್ಚೋ ಮುಂಚೆ ಐದು ನಿಮಿಷ ಕಂಪ್ಯೂಟರ್ ಓಡಿಸಿ ಆಫ್ ಮಾಡಿ, ಚಿಪ್ಪಿಗೂ ಕೂಲರಿಗೂ ನಡುವಿನ ಬಿಸಿ ಸಾಗಿಸೋ ಪೇಸ್ಟ್ ಮೆತ್ತಗಾಗಿರುತ್ತೆ. ಕೂಲರನ್ನ ಬೋರ್ಡಿಗೆ ಹಿಡಿದಿರೋ ನಾಲ್ಕೂ ಪಿನ್ನಿನ ತಲೆಯನ್ನ ಬಾಣದ ಗುರುತಿನ ಕಡೆ ತಿರುಗಿಸಿ ಮೇಲಕ್ಕೆಳೀರಿ. ಬಿಚ್ಚುವಾಗ ಬೋರ್ಡಿನ ಹಿಂಬದಿ ನೋಡಿ: ನಾಲ್ಕರಲ್ಲಿ ಒಂದು ಪಿನ್ನು ಸೀಳಿನ ಕೊಕ್ಕೆ ಪೂರ್ತಿ ಹೊರಬರದೆ ಅರ್ಧದಲ್ಲೇ ನಿಂತಿದ್ದರೆ, ನಿಮ್ಮ 90 ಡಿಗ್ರಿಯಲ್ಲಿ ಅದರ ಪಾಲೂ ಇದೆ.

ಹಳೇ ಪೇಸ್ಟನ್ನ ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆಯಲ್ಲಿ ಒರೆಸಿ. ಸ್ಯಾನಿಟೈಸರ್ ಜೆಲ್ ಬೇಡ, ಅದರಲ್ಲಿರೋ ಅಂಟು ಉಳಿಯುತ್ತೆ. ಈ ಚಿಪ್ಪು ಉದ್ದುದ್ದ ಇರೋದರಿಂದ ನಡುವೆ ಒಂದು ಬಟಾಣಿ ಗಾತ್ರ, ನಾಲ್ಕು ಮೂಲೆಗೆ ಒಂದೊಂದು ಸಾಸಿವೆ ಗಾತ್ರ ಪೇಸ್ಟ್ ಇಡಿ, ಹರಡಬೇಡಿ. ಕೂಲರಿನ ತಳದ ಪ್ಲಾಸ್ಟಿಕ್ ಹಾಳೆ ಕಿತ್ತಿರಾ? ನಗಬೇಡಿ, ಹಾಗೇ ಕೂರಿಸಿ ಪೇಸ್ಟ್ ಸರಿ ಇಲ್ಲ ಅನ್ನೋರು ಇದ್ದೇ ಇರ್ತಾರೆ. ಸ್ಕ್ರೂಗಳನ್ನ ಈ ಕಡೆ ಎರಡು ಸುತ್ತು, ಆ ಕಡೆ ಎರಡು ಸುತ್ತು ಅಂತ ಸಮವಾಗಿ ಬಿಗೀರಿ. ಒಂದನ್ನೇ ಪೂರ್ತಿ ಬಿಗಿದರೆ ಪೇಸ್ಟ್ ಓರೆಯಾಗಿ ಹಿಂಡಿ ಒಂದು ಅಂಚು ಬರಿದಾಗುತ್ತೆ.

ಫ್ಯಾನಿನ ದಿಕ್ಕು: ಚೌಕಟ್ಟಿನ ಕೈಗಳು ಕಾಣೋ ಕಡೆಯಿಂದ ಗಾಳಿ ಹೊರಗೆ ಹೋಗುತ್ತೆ. ಮುಂದಿನವು ಒಳಕ್ಕೆ, ಕೂಲರಿನದು ಬೆನ್ನ ಕಡೆಗೆ, ಹಿಂದಿನದು ಹೊರಕ್ಕೆ. ಊದುಬತ್ತಿ ಹಚ್ಚಿ ಹೊಗೆ ಎಳೀತಿದೆಯೋ ತಳ್ಳುತಿದೆಯೋ ನೋಡಿದರೆ ಅನುಮಾನವೇ ಇಲ್ಲ.

ಗಾಜಿಗೆ: ಅದು ಗೂಟದ ಮೇಲೆ ಕೂತಿದ್ದರೆ ನಾಲ್ಕೂ ಕಡೆ 15 ಮಿಲಿಮೀಟರಿನ ರಬ್ಬರ್ ಬುಷ್ ಕೊಟ್ಟು ಮುಂದಕ್ಕೆ ಸರಿಸಿ. ಆಗದಿದ್ದರೆ ಗಾಜು ಅಟ್ಟಕ್ಕೆ, ಅದರ ಜಾಗಕ್ಕೆ ಜಾಲರಿ. ಡಿಸ್ಕನ್ನ ಸ್ಕ್ರೂ ಬದಲು ರಬ್ಬರ್ ವಾಷರ್ ಮೇಲೆ ಕೂರಿಸಿ, ಪವರ್ ಆಪ್ಷನಲ್ಲಿ ಹತ್ತು ನಿಮಿಷಕ್ಕೆ ಮಲಗೋ ಹಾಗೆ ಮಾಡಿ. ರೆಕಾರ್ಡಿಂಗ್ ಎಸ್‌ಎಸ್‌ಡಿಗೇ ಬರೀಲಿ, ಆಮೇಲೆ ಡಿಸ್ಕಿಗೆ ಸಾಗಿಸಿ.


ಕಾಫಿಕಣ, ಚಿಕ್ಕಮಗಳೂರು

ಮೇಲಿನವರು ಹೇಳಿದ್ದೆಲ್ಲ ಸರಿ. ಊರಿನ ಲೆಕ್ಕ ಒಂದಿಷ್ಟು ಸೇರಿಸ್ತೀನಿ.

ಹಾಸನ, ಚಿಕ್ಕಮಗಳೂರು ಎರಡೂ ಊರು ಸಮುದ್ರಮಟ್ಟಕ್ಕಿಂತ ಒಂದು ಸಾವಿರ ಮೀಟರ್ ಆಸುಪಾಸು ಎತ್ತರ. ಇಲ್ಲಿ ಗಾಳಿ ಮಂಗಳೂರಿಗಿಂತ ನೂರಕ್ಕೆ ಹತ್ತರಷ್ಟು ತೆಳು. ಫ್ಯಾನು ಅದೇ ವೇಗದಲ್ಲಿ ತಿರುಗಿದರೂ ಹೊರೋ ಬಿಸಿ ಅಷ್ಟು ಕಡಿಮೆ. ವಿಡಿಯೋ ವಿಮರ್ಶೆಯಲ್ಲಿ ತೋರಿಸಿದ್ದಕ್ಕಿಂತ ಒಂದೆರಡು ಡಿಗ್ರಿ ಜಾಸ್ತಿ ಬಂದರೆ ಕೂಲರನ್ನ ಬೈಬೇಡಿ. ಅದಕ್ಕೆ ಬದಲು ನಮ್ಮ ಕೋಣೆಗಳೇ ತಂಪಾಗಿವೆ, ಆ ಮಟ್ಟಿಗೆ ಲಾಭ.

ಆದರೆ ಆ ತಂಪು ಮೋಸ ಮಾಡುತ್ತೆ. ಜನವರಿ ಬೆಳಗ್ಗೆ ಕೋಣೆ 18 ಇರುವಾಗ ಗೆರೆ ಎಳೆದು, ಆಹಾ ಎಷ್ಟು ನಿಶ್ಶಬ್ದ ಅಂತ ಬಿಟ್ಟರೆ, ಏಪ್ರಿಲ್ ಮಧ್ಯಾಹ್ನ 33ಕ್ಕೆ ಹೋದಾಗ ಅದೇ ವೇಗದಲ್ಲಿ ಪ್ರತಿ ಅಂಕಿಗೂ ಹದಿನೈದು ಕೂಡಿಸಿಕೊಳ್ಳಬೇಕು. ಆದ್ದರಿಂದ ಕೋಣೆಗಿಂತ ಎಷ್ಟು ಮೇಲಿದೆ ಅನ್ನೋದನ್ನ ಬರೆದಿಡಿ, ಅದಕ್ಕೆ 33 ಸೇರಿಸಿ ನೋಡಿ. ಸಿಪಿಯು 85 ಒಳಗೆ, ಕಾರ್ಡು 83 ಒಳಗೆ, ಹಾರ್ಡ್‌ಡಿಸ್ಕು 50 ಒಳಗೆ ಬಂದರೆ ಗೆರೆ ಸರಿ ಇದೆ. ಈ ಸಿಪಿಯು ತಾನಾಗಿ ವೇಗ ಕಡಿಯೋದು 100ಕ್ಕೆ, ಅಷ್ಟು ಹತ್ತಿರ ಹೋಗೋ ಅಗತ್ಯ ಇಲ್ಲ.

ಧೂಳು. ನಮ್ಮಲ್ಲಿ ನವೆಂಬರಿನಿಂದ ಫೆಬ್ರವರಿವರೆಗೆ ಕಣದಲ್ಲಿ ಕಾಫಿ ಒಣಗ್ತಿರುತ್ತೆ, ಹೊಟ್ಟು ಹಾರುತ್ತೆ. ನಿಮ್ಮ ಕಡೆ ಕೆಂಪು ಮಣ್ಣು. ಇದು ಒಣ ಧೂಳು, ಬ್ರಷ್ಷಿಗೆ ಬರುತ್ತೆ. ಬರದೇ ಇರೋದು ಬಚ್ಚಲೊಲೆ ಹೊಗೆಯ ಮಸಿ ಕೂಡಿದ್ದು. ಅದು ಜಿಡ್ಡು, ರೆಕ್ಕೆಯ ಮುಂಗಡೆ ಅಂಚಿಗೆ ಕಪ್ಪು ಗೆರೆಯಾಗಿ ಮೆತ್ತಿಕೊಳ್ಳುತ್ತೆ, ಹೀಟ್‌ಸಿಂಕಿನ ತಗಡುಗಳ ನಡುವೆ ಕಂಬಳಿ ಹಾಸಿದ ಹಾಗೆ ಕೂರುತ್ತೆ. ಕೂಲರಿನ ಫ್ಯಾನು ಬಿಚ್ಚಿದಾಗ ಹಿಂದೆ ಈ ಕಂಬಳಿ ಕಂಡರೆ ಮೇಲಿಂದ ಊದಿ ಪ್ರಯೋಜನ ಇಲ್ಲ, ಚಿಮಟದಲ್ಲಿ ಹಿಡಿದು ಎಳೀಬೇಕು, ಇಡೀ ಹಾಳೆಯಾಗಿ ಬರುತ್ತೆ. ರೆಕ್ಕೆಗೆ ಆಲ್ಕೋಹಾಲ್ ಬಟ್ಟೆ. ಒಂದೇ ರೆಕ್ಕೆ ಒರೆಸಿ ಉಳಿದದ್ದು ಬಿಟ್ಟರೆ ತೂಕ ತಪ್ಪಿ ಇನ್ನಷ್ಟು ಅದುರುತ್ತೆ, ಎಲ್ಲವನ್ನೂ ಒರೆಸಿ.

ಪಂಕ್ಚರ್ ಅಂಗಡಿಗೆ ಹೊತ್ತುಕೊಂಡು ಹೋಗಿ ಗಾಳಿ ಹೊಡೆಸೋ ಅಭ್ಯಾಸ ಬಿಡಿ. ಆ ಕಂಪ್ರೆಸರ್ ಟ್ಯಾಂಕಿನ ತಳದಲ್ಲಿ ನೀರು ನಿಂತಿರುತ್ತೆ, ಎಣ್ಣೆ ಬೆರೆತಿರುತ್ತೆ, ಮಳೆಗಾಲದಲ್ಲಂತೂ ಪಿಚಕಾರಿಯೇ. ಕೈಯಲ್ಲಿ ಹಿಡಿಯೋ ಕರೆಂಟ್ ಬ್ಲೋವರ್ ಸಾಕು. ಊದುವಾಗ ಫ್ಯಾನನ್ನ ಬೆರಳಲ್ಲಿ ಹಿಡೀರಿ. ಬಿಟ್ಟರೆ ಅದು ಮಿತಿ ಮೀರಿ ತಿರುಗಿ ಬೇರಿಂಗ್ ಹಾಳಾಗುತ್ತೆ, ಡೈನಮೋ ಥರ ಬೋರ್ಡಿಗೆ ಕರೆಂಟು ತಳ್ಳುತ್ತೆ.

ಗಾಜು ತೆಗೆದ ಕ್ಯಾಬಿನೆಟ್‌ಗೆ ನೈಲಾನ್ ಸೊಳ್ಳೆ ಪರದೆಯ ಬಟ್ಟೆ ಒಂದೇ ಪದರ ಸಾಕು. ಗಾಳಿಗೆ ಹೆಚ್ಚು ಅಡ್ಡ ಬರಲ್ಲ. ಸಾಕ್ಸ್ ಬಟ್ಟೆ, ಸ್ಪಂಜು ಎರಡೂ ಬೇಡ. ಒಳಗೆ ಸ್ಪಂಜು ಅಂಟಿಸಿ ಸದ್ದು ಹೀರಿಸ್ತೀನಿ ಅನ್ನೋರಿಗೂ ಅದೇ ಮಾತು, ಸದ್ದಿಗಿಂತ ಮೊದಲು ಬಿಸಿ ಸಿಕ್ಕಿಹಾಕಿಕೊಳ್ಳುತ್ತೆ. ಬೆನ್ನ ಹಿಂದೆ ಖಾಲಿ ಸ್ಲಾಟುಗಳಿಗೆ ತಗಡಿನ ಮುಚ್ಚಳ ಇದೆಯಾ ನೋಡಿ. ಇಲ್ಲದಿದ್ದರೆ ಬೆಚ್ಚಗಿರೋ ಜಾಗ ಅಂತ ಹಲ್ಲಿ ಬಂದು ಸೇರುತ್ತೆ. ಮಳೆಗಾಲ ಶುರುವಾದಾಗ ಈಸುಳ್ಳಿ ಬೇರೆ, ಸಂಜೆ ಲೈಟಿಗೆ ಬಂದು ಫ್ಯಾನಿಗೆ ಸಿಕ್ಕಿ ರೆಕ್ಕೆ ಉದುರಿಸ್ತವೆ.

ಕೊನೇದಾಗಿ ಜಾಗ. ಕಂಪ್ಯೂಟರ್ ಟೇಬಲ್ಲಿನ ಬಾಗಿಲಿರೋ ಗೂಡೊಳಗೆ ಕ್ಯಾಬಿನೆಟ್ ಇಟ್ಟರೆ ಬಿಟ್ಟ ಉಸಿರನ್ನೇ ಮತ್ತೆ ಎಳ್ಕೊಳ್ಳುತ್ತೆ. ಬೆನ್ನಿಗೂ ಗೋಡೆಗೂ ಒಂದು ಗೇಣು ಬಿಡಿ. ಟೇಬಲ್ ಮೇಲಿಂದ ಇಳಿಸಿ, ದಪ್ಪ ರಬ್ಬರ್ ಮ್ಯಾಟ್ ಹಾಕಿ ನೆಲದ ಮೇಲೆ ಸಣ್ಣ ಮಣೆಯಲ್ಲಿಡಿ. ಮೂರಡಿಯ ವೈರನ್ನ ಆರಡಿಯದು ಮಾಡಿ ಮೈಕಿಂದ ದೂರ ಸರಿಸಿ. ದೂರ ದುಪ್ಪಟ್ಟಾದರೆ ಬಯಲಲ್ಲಿ ಆರು ಡೆಸಿಬಲ್ ಇಳಿಯುತ್ತೆ, ಗೋಡೆಗಳಿರೋ ಕೋಣೆಯಲ್ಲಿ ಅಷ್ಟಿಲ್ಲದಿದ್ದರೂ ನಾಲ್ಕಾದರೂ ಸಿಗಬಹುದು. ಇದಕ್ಕಿಂತ ಅಗ್ಗದ ಕೂಲರ್ ಯಾವುದೂ ಇಲ್ಲ.


ಸಂತೆಪೇಟೆ_ಕಿಟಕಿ, ಹಾಸನ

ಎರಡು ವಾರದಲ್ಲಿ ಒಂದೊಂದಾಗಿ ಮಾಡಿದೆ. ಪ್ರತಿ ಹೆಜ್ಜೆಗೂ ಅದೇ ಹತ್ತು ನಿಮಿಷದ ಪರೀಕ್ಷೆ, ಕೋಣೆ 26.

ಪಿಎಲ್ ಮಿತಿ ಹಾಕಿದ್ದಕ್ಕೇ 89ರಿಂದ 79. ಗಾಜಿಗೆ ಬುಷ್ ಕೊಟ್ಟು ಮುಂದಿನ ಫ್ಯಾನು ಬದಲಿಸಿದಮೇಲೆ 73, ಅದೂ ಅವು 750 ಆರ್‌ಪಿಎಂ ಇರುವಾಗ. ಗೋಪುರದ ಕೂಲರ್ ಕೂರಿಸಿದಮೇಲೆ 65, ಸಿಪಿಯು ಫ್ಯಾನು 900. ಹಳೇ ಕೂಲರ್ ಬಿಚ್ಚಿದಾಗ ರ್ಯಾಮ್ ಪಕ್ಕದ ಪಿನ್ನು ನಿಜವಾಗ್ಲೂ ಅರ್ಧಕ್ಕೇ ನಿಂತಿತ್ತು. ಸುಮ್ಮನಿದ್ದಾಗ ಈಗ ಕಿವಿಗೆ ಬೀಳೋದು ಗೋಡೆ ಗಡಿಯಾರ.

ಒಂದು ಉಳಿದಿದೆ. ಕರೆಂಟ್ ಹೋಗಿ ಮನೆಯ ಇನ್ವರ್ಟರಿಗೆ ಬಂದ ಕೂಡಲೇ ಕ್ಯಾಬಿನೆಟ್ ಕೆಳಗಿಂದ ಜುಂಯ್ ಅಂತ ಶುರುವಾಗುತ್ತೆ. ಫ್ಯಾನಿನ ವೇಗ ಬದಲಾಗಿಲ್ಲ, ಸಾಫ್ಟ್‌ವೇರಲ್ಲಿ ನೋಡಿದೆ. ಇದೇನು?


ಹನ್ನೆರಡುವೋಲ್ಟ್, ಚಿಕ್ಕಮಗಳೂರು

ಇನ್ವರ್ಟರ್ ಸ್ಕ್ವೇರ್ ವೇವ್ ಇರಬೇಕು, ಹಿಂಭಾಗದಲ್ಲೋ ಬಿಲ್ಲಿನಲ್ಲೋ ಬರೆದಿರುತ್ತೆ ನೋಡಿ. ಮನೆ ಕರೆಂಟು ಅಲೆ ಥರ ನುಣ್ಣಗೆ ಏರಿಳಿದರೆ ಇದು ಮೆಟ್ಟಿಲು ಹಾರಿದ ಹಾಗೆ ಥಟ್ಟಂತ ಬದಲಾಗುತ್ತೆ. ಆ ಹೊಡೆತಕ್ಕೆ ಎಸ್‌ಎಂಪಿಎಸ್ ಒಳಗಿನ ಸುರುಳಿಗಳು ಅದುರಿ ಜುಂಯ್ ಅನ್ನುತ್ತವೆ. ಸೀಲಿಂಗ್ ಫ್ಯಾನು ಇನ್ವರ್ಟರಲ್ಲಿ ಗುಂಯ್ ಅನ್ನೋದೂ ಇದೇ ಕಾರಣಕ್ಕೆ. ಕ್ಯಾಬಿನೆಟ್ ಫ್ಯಾನುಗಳಿಗೆ ಎಸ್‌ಎಂಪಿಎಸ್ ಸೋಸಿದ 12 ವೋಲ್ಟ್ ಡಿಸಿ ಹೋಗೋದರಿಂದ ಅವುಗಳ ವೇಗ ಬದಲಾಗಲ್ಲ.

ಸದ್ದಿಗಿಂತ ಬೇರೆ ವಿಷಯಕ್ಕೆ ಇದನ್ನ ಸರಿ ಮಾಡಿ. ನಿಮ್ಮ ಎಸ್‌ಎಂಪಿಎಸ್ ಮೇಲೆ ಆಕ್ಟಿವ್ ಪಿಎಫ್‌ಸಿ (ಮನೆ ಕರೆಂಟಿನ ಅಲೆಗೆ ತಕ್ಕಂತೆ ಕರೆಂಟ್ ಎಳೆಯೋ ಸರ್ಕ್ಯೂಟು) ಅಂತ ಬರೆದಿದ್ದರೆ ಅದಕ್ಕೂ ಸ್ಕ್ವೇರ್ ವೇವಿಗೂ ಆಗಿಬರಲ್ಲ, ಲೋಡು ಜಾಸ್ತಿ ಇರುವಾಗ ಕರೆಂಟ್ ಹೋದರೆ ಕಂಪ್ಯೂಟರ್ ಥಟ್ಟಂತ ಆರಿಹೋಗಬಹುದು. ಪ್ಯೂರ್ ಸೈನ್ ವೇವ್ ಇನ್ವರ್ಟರ್ ಇಲ್ಲವೇ ಅದೇ ಥರದ ಯುಪಿಎಸ್ ಬೇಕು. ಅಲ್ಲಿವರೆಗೆ ಕರೆಂಟ್ ಹೋದಾಗ ಎಕ್ಸ್‌ಪೋರ್ಟ್ ನಿಲ್ಲಿಸಿ, ರೆಕಾರ್ಡಿಂಗನ್ನ ಕರೆಂಟ್ ಬಂದಮೇಲೆ ಮಾಡಿ. ಸದ್ದು ಬಂತು ಅಂತ ಎಸ್‌ಎಂಪಿಎಸ್ ಮಾತ್ರ ಬಿಚ್ಚಬೇಡಿ. ವೈರು ಕಿತ್ತಮೇಲೂ ಒಳಗಿನ ಕೆಪ್ಯಾಸಿಟರ್ ಮುನ್ನೂರು ವೋಲ್ಟಿಗೂ ಮೇಲೆ ಹಿಡಿದಿಟ್ಟುಕೊಂಡಿರಬಹುದು.

65 ಅಂದರೆ ಕೋಣೆಗಿಂತ 39 ಮೇಲೆ. ಏಪ್ರಿಲ್‌ನ 33ಕ್ಕೆ ಸೇರಿಸಿದರೆ 72, ಇನ್ನೂ ಹದಿಮೂರು ಡಿಗ್ರಿ ಕೈಯಲ್ಲಿದೆ. ಮುಂದಿನ ಫ್ಯಾನನ್ನ 650ಕ್ಕೆ ಇಳಿಸಿ ನೋಡಿ, ಗಡಿಯಾರ ಇನ್ನೂ ಚೆನ್ನಾಗಿ ಕೇಳಿಸುತ್ತೆ.